ನಲವತ್ತೊಂದು ಜನ ಗುಣಮುಖರು

ಏಪ್ರಿಲ್ 4, ಗುರುವಾರ

ಇವತ್ತಿನಿಂದ ನಮ್ಮ ಆರೋಗ್ಯ ಕೇಂದ್ರದಲ್ಲಿ ಮನಸ್ಸಿಗೂ ಔಷಧಿ. ಇದುವರೆಗೆ ಕೆಮ್ಮು, ಜ್ವರ, ಸಕ್ಕರೆ, ಹೆರಿಗೆ ಇಷ್ಟೇ ನಮ್ಮ ಪಾಲಿಗೆ ಬಂದದ್ದು. ಮನಸ್ಸು ಕೆಟ್ಟವರು ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು, ಇಲ್ಲವೇ ಮನೆಯಲ್ಲೇ ಕೆಡಿಸಿಕೊಂಡು ಕೂರಬೇಕಿತ್ತು. ಡಾಕ್ಟರಮ್ಮ ಐದು ದಿನದ ತರಬೇತಿ ಮುಗಿಸಿಕೊಂಡು ಒಂದು ಛತ್ರಿ, ಒಂದು ಹೊಸ ರಿಜಿಸ್ಟರ್ ಹಿಡಿದು ಬಂದರು. ಛತ್ರಿ ಅವರದು, ರಿಜಿಸ್ಟರ್ ನನ್ನದು.

ನಾನು ಇಲ್ಲಿ ಆಯಾ ಆಗಿ ಸೇರಿ ಮೂವತ್ತೊಂದು ವರ್ಷ. ಓದಿದ್ದು ನಾಲ್ಕನೇ ತರಗತಿ. ಮಿಕ್ಕ ವಿದ್ಯೆಯೆಲ್ಲ ಔಷಧಿ ಡಬ್ಬಗಳ ಮೇಲಿನ ಚೀಟಿ ಓದಿ ಬಂದದ್ದು. ಈಗ ಮಾತ್ರೆ ಕೊಡುವ ಕಿಟಕಿಯೂ ನನ್ನದೇ, ಪುಸ್ತಕಗಳೂ ನನ್ನದೇ. ಅಕ್ಷರ ಮುತ್ತಿನ ಹಾಗಿದೆ ಎಂದು ಹೊಗಳಿ ಹೊಗಳಿ ಎಲ್ಲರೂ ತಮ್ಮ ತಮ್ಮ ಬರವಣಿಗೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಫಲಕ ಹಾಕಿ ಫೋಟೋ ಕಳಿಸಬೇಕೆಂದು ಮೇಲಿನಿಂದ ಹೇಳಿದ್ದಾರೆ. ನಾನೇ ಬರೆದೆ. ‘ಮಾನಸಿಕ ರೋಗಿಗಳ ಸಾಲು, ಪ್ರತಿ ಗುರುವಾರ.’ ಒಂದೊಂದು ಅಕ್ಷರವೂ ಗೇಣುದ್ದ. ಅದರ ಕೆಳಗೆ ಬೆಂಚು, ರಸ್ತೆಗೆ ಮುಖವಾಗಿ, ಏಕೆಂದರೆ ಬೆಳಕು ಅಲ್ಲಿ ಚೆನ್ನಾಗಿತ್ತು. ಫೋಟೋ ಬಹಳ ಚೆನ್ನಾಗಿ ಬಂದಿದೆ.

ಏಪ್ರಿಲ್ 11, ಗುರುವಾರ

ಹೋದ ವಾರದವರಲ್ಲದೆ ಹೊಸಬರು ಹನ್ನೆರಡು ಜನ ಬಂದರು. ಏಳನೆಯವನು ದರ್ಜಿ.

ದರ್ಜಿ ಎಂದರೆ ನನ್ನ ತಮ್ಮ. ಒಡಹುಟ್ಟಿದವನು ಇವನೊಬ್ಬನೇ. ಮಾತು ಬಿಟ್ಟು ಮೂರು ವರ್ಷ. ನನ್ನ ಮಗಳ ಮದುವೆಯ ಮಾತುಕತೆಯ ದಿನ, ಐದಾರು ದಿನ ನಿದ್ದೆಯಿಲ್ಲದ ಕಣ್ಣು ಹೊತ್ತು ಬಂದವನು, ಗಂಡಿನ ಕಡೆಯ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಟೇಪು ಹಿಡಿದು ಅಳೆದ. ಎದೆ, ಸೊಂಟ, ತೋಳು. ಗಂಡಿನ ತಂದೆಯ ಮುಂದೆ ನಿಂತು, ಇವರ ಅಳತೆ ಸುಳ್ಳು, ಒಳಗೆ ಬೇರೆ ಯಾರೋ ಇದ್ದಾರೆ ಎಂದ. ಮದುವೆಯೇನೋ ನಡೆಯಿತು. ಆದರೆ ಬೀಗರು ಇವತ್ತಿಗೂ ನಮ್ಮ ಮನೆಗೆ ಬಂದರೆ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾರೆ. ಅವತ್ತು ನಾನು, ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದೆ. ಹತ್ತಲಿಲ್ಲ. ನಾನು ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುವವನು, ಚಿಕ್ಕಂದಿನಿಂದಲೂ ಅದೇ ತೊಂದರೆ.

ನಮ್ಮ ಕಿಟಕಿಯಲ್ಲಿ ಕೈ ಮಾತ್ರ ಕಾಣುತ್ತದೆ. ಬೆರಳ ತುದಿಯ ಸೂಜಿ ಗುರುತು ನೋಡಿ ಯಾರ ಕೈ ಎಂದು ತಿಳಿಯಿತು. ಮಾತ್ರೆ ಇಟ್ಟೆ. ಕೈ ಹೋಯಿತು.

ಡಾಕ್ಟರಮ್ಮ ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಹೇಳುತ್ತಿದ್ದರು: ತಪ್ಪಿಸದೆ ನುಂಗಿದರೆ ನಿಮ್ಮ ಕೆಲಸ ನೀವು ಮಾಡಿಕೊಂಡು ಇರುತ್ತೀರಿ, ಬಿಟ್ಟರೆ ಕೆಲವು ವಾರಗಳಲ್ಲಿ ಮತ್ತೆ ಮೊದಲಿನ ಹಾಗೆ. ನಾನು ಬೇಕೆಂದೇ ಕೇಳಿಸಿಕೊಂಡದ್ದಲ್ಲ. ಗೋಡೆ ತೆಳು.

ಮೇ 23, ಗುರುವಾರ

ಕೈ ಆರು ವಾರದಿಂದ ತಪ್ಪದೆ ಬರುತ್ತಿದೆ. ಉಗುರು ಕತ್ತರಿಸಿಕೊಂಡಿದೆ. ನಡುಕವಿಲ್ಲ.

ಜೂನ್ 6, ಗುರುವಾರ

ಎರಡು ವಾರದಿಂದ ದರ್ಜಿ ಬಂದಿಲ್ಲ. ನನಗೇನು.

ಸಿಸ್ಟರ್ ಹೇಳಿದರು, ಅವನಂಗಡಿಗೆ ರವಿಕೆ ಕೊಡುತ್ತಿದ್ದ ಹೆಂಗಸರು ಈಗ ಮುಂದಿನ ಬೀದಿಗೆ ಹೋಗುತ್ತಾರಂತೆ. ಆ ಬೆಂಚಿನ ಮೇಲೆ ಕೂತವನ ಕೈಗೆ ಕತ್ತರಿ ಕೊಟ್ಟು ನಿಲ್ಲುವುದು ಹೇಗೆ ಎಂದು ಅವರ ಪ್ರಶ್ನೆಯಂತೆ. ಬಸ್ಸಿನಲ್ಲಿ ಹೋಗುವವರಿಗೂ ಫಲಕ ಓದಲು ಬರುತ್ತದಂತೆ. ಗೇಣುದ್ದದ ಅಕ್ಷರ ಓದಲು ಕಷ್ಟವಿಲ್ಲ.

ಜೂನ್ 29, ಶನಿವಾರ

ಮೂರು ತಿಂಗಳ ವರದಿ ಕಳಿಸುವ ದಿನ. ಅದರಲ್ಲಿ ನಾಲ್ಕು ಕಾಲಂ: ಹೊಸಬರು, ಮುಂದುವರಿದವರು, ಗುಣಮುಖರು, ತೀರಿಕೊಂಡವರು. ಒಟ್ಟು ಹೆಸರು ಬರೆಸಿದವರು ಅರವತ್ತಮೂರು. ಈಗ ಬರುತ್ತಿರುವವರು ಇಪ್ಪತ್ತೆರಡು. ಕಂಪ್ಯೂಟರ್ ಒಪ್ಪಲಿಲ್ಲ. ಅಂಕಿ ಅಂಶದ ಕಚೇರಿಯಿಂದ ಹುಡುಗನೊಬ್ಬ ಫೋನು ಮಾಡಿದ. ಮೂರು ಸಲ ‘ಅಮ್ಮಾ’ ಎಂದ ಮೇಲೆ ವಿಷಯಕ್ಕೆ ಬಂದ.

“ಉಳಿದ ನಲವತ್ತೊಂದು ಜನ ಎಲ್ಲಿ?”

“ಬರ್ತಿಲ್ಲಪ್ಪ.”

“ಬರ್ತಿಲ್ಲ ಅನ್ನೋ ಕಾಲಂ ಇಲ್ಲಮ್ಮ. ತೀರ್ಕೊಂಡಿದಾರಾ?”

“ಹಾಗಂತ ಯಾರೂ ಹೇಳಿಲ್ಲ.”

“ಹಾಗಾದ್ರೆ ಗುಣ ಆಗಿರ್ಬೇಕು. ಕಾಯಿಲೆ ಇದ್ದಿದ್ರೆ ಬರ್ತಿದ್ರು ತಾನೆ?”

ನ್ಯಾಯವಾಗಿಯೇ ಕಂಡಿತು. ಡಾಕ್ಟರಮ್ಮ ಹೆರಿಗೆ ಮಾಡಿಸುತ್ತಿದ್ದರು, ಬಾಗಿಲಿನಿಂದಲೇ ಕೇಳಿದೆ, ತಾಳೆಯಾಗುವ ಹಾಗೆ ಮಾಡಿ ಎಂದರು. ಕೆಂಪು ಮಸಿಯಲ್ಲಿ ನಲವತ್ತೊಂದು ಹೆಸರಿನ ಮುಂದೆ ‘ಗುಣಮುಖ’ ಎಂದು ಬರೆದೆ. ಹದಿನೇಳನೆಯದು ದರ್ಜಿಯ ಹೆಸರು. ಅಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಮಸಿ ಕಡಿಮೆಯಾಗಿತ್ತು. ಅಲ್ಲಾಡಿಸಿ ಬರೆದೆ.

ಮೊತ್ತ ತಾಳೆಯಾಯಿತು. ಮಧ್ಯಾಹ್ನದೊಳಗೆ ಇಷ್ಟು ಜನರನ್ನು ಗುಣಪಡಿಸಿದ ಆಯಾ ಇನ್ನೊಬ್ಬಳು ಇರಲಾರಳು.

ಜುಲೈ 22, ಸೋಮವಾರ

ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಮೊಮ್ಮಗುವಿಗೆ ಹಲ್ಲು ಬಂದಿದೆ. ಬೀಗರು ಗೋಡೆಗೆ ಒರಗಿ ಕೂತು ಚೆನ್ನಾಗಿ ಮಾತಾಡಿಸಿದರು. ಕಿಟಕಿಯಲ್ಲಿ ಸಿಸ್ಟರ್ ಇದ್ದರು. ವಿಶೇಷವೇನೂ ಇಲ್ಲ ಎಂದರು.

ವಿಶೇಷ ಟಪಾಲಿನಲ್ಲಿತ್ತು. ಮನಸ್ಸಿನ ಕಾಯಿಲೆ ಗುಣಪಡಿಸುವುದರಲ್ಲಿ ನಮ್ಮ ಕೇಂದ್ರವೇ ಮೊದಲು. ನೂರಕ್ಕೆ ಅರವತ್ತೈದು. ಎರಡನೆಯವರು ನೂರಕ್ಕೆ ಹನ್ನೊಂದು. ನಮ್ಮ ವಿಧಾನ ಏನೆಂದು ಒಂದು ಪುಟ ಬರೆದು ಕಳಿಸಿ ಎಂದಿದ್ದಾರೆ. ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ನಾನು ಡಬ್ಬ ಒರೆಸಿದೆ.

ಆಗಸ್ಟ್ 8, ಗುರುವಾರ

ಇಟ್ಟಿಗೆ ಗೂಡಿನ ಹೆಂಗಸು ಬಂದಳು. ಮೇ ತಿಂಗಳಲ್ಲಿ ಗೂಡು ಹಚ್ಚಲು ಬೇರೆ ಊರಿಗೆ ಹೋದವಳು, ಈಗ ಮರಳಿದ್ದಾಳೆ. ಮಾತ್ರೆಯಿಲ್ಲದೆ ಎರಡು ತಿಂಗಳು. ಮುಖದಲ್ಲಿ ಮಾಂಸವಿಲ್ಲ. ಸಿಸ್ಟರ್ ಅವಳ ಸಂಖ್ಯೆ ಒತ್ತಿದರೆ ಕಂಪ್ಯೂಟರ್ ‘ಗುಣಮುಖ’ ಎಂದು ಹೇಳಿ ಬಾಗಿಲು ಹಾಕಿಕೊಂಡಿತು. ಹಾಗೆಂದು ಅವಳಿಗೆ ತಿಳಿಸಿದೆವು. ಅವಳು ಸ್ವಲ್ಪ ಯೋಚಿಸಿ, “ನನಗ್ಯಾರೂ ಹೇಳಲೇ ಇಲ್ವಲ್ಲ” ಎಂದಳು.

ಔಷಧಿಯ ಕಪಾಟು ತೆಗೆದು ನೋಡಿದೆ. ಹೊಸ ಸರಬರಾಜು ಇಪ್ಪತ್ತೆರಡು ಜನಕ್ಕೆ ಮಾತ್ರ ಬಂದಿದೆ. ಗುಣವಾದವರಿಗೆ ಮಾತ್ರೆ ಯಾಕೆ ಎಂದು ಮೇಲಿನವರು ಲೆಕ್ಕ ಹಾಕಿದ್ದಾರೆ. ಲೆಕ್ಕ ಸರಿಯಾಗಿದೆ. ಇದ್ದುದರಲ್ಲೇ ನಾಲ್ಕು ದಿನದ್ದು ಕೊಟ್ಟು ಕಳಿಸಿದೆವು. ಅಷ್ಟರಲ್ಲಿ ಪಕ್ಕದ ಕೇಂದ್ರದಿಂದ ತರಿಸುತ್ತೇನೆ ಎಂದು ಡಾಕ್ಟರಮ್ಮ ಮಾತು ಕೊಟ್ಟಿದ್ದಾರೆ.

ಆಗಸ್ಟ್ 9, ಶುಕ್ರವಾರ

ಯಜಮಾನರಿಗೆ ಊಟ ಬಡಿಸುತ್ತಾ ಈ ಕಥೆ ಹೇಳಿದೆ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಜಗತ್ತಿನಲ್ಲಿ ಏನೇ ಆದರೂ ಅದು ಒಂದು ಸಲ ಅವರ ಬಸ್ಸಿನಲ್ಲಿ ಆಗಿರುತ್ತದೆ.

“ನಡುವೆ ಇಳಿದವರೆಲ್ಲ ಊರು ಸೇರಿದರು ಅಂತ ನಾನು ಯಾವತ್ತೂ ಬರೆದುಕೊಡಲಿಲ್ಲ ಕಣೇ” ಎಂದರು. “ವಾಂತಿ ಮಾಡೋಕೆ ಇಳಿಯೋರಿದ್ರು, ಜಗಳ ಆಡ್ಕೊಂಡು ಇಳಿಯೋರಿದ್ರು. ಒಬ್ಬ ಕಿಟಕಿ ಸೀಟು ಸಿಗಲಿಲ್ಲ ಅಂತ ಕಾಡಿನ ಮಧ್ಯ ಇಳಿದ.”

ಆಮೇಲೆ ತಟ್ಟೆ ನೋಡಿಕೊಂಡು, ದರ್ಜಿಯ ಹೆಸರೂ ಅದರಲ್ಲಿದೆಯಾ ಎಂದು ಕೇಳಿದರು. ಸಾರು ಬೇಕೇ ಎಂದೆ. ಬೇಡ ಎಂದರು.

ಆಗಸ್ಟ್ 17, ಶನಿವಾರ

ಮನೆಗೆ ಬರುವ ದಾರಿಯಲ್ಲಿ ಸಿಗುತ್ತವೆಂದು ಮೂರು ಮನೆಗೆ ಹೋದೆ. ಪಟ್ಟಿಯ ನಾಲ್ಕನೆಯವಳು ಚೆನ್ನಾಗಿದ್ದಾಳೆ, ನಿಜಕ್ಕೂ ಚೆನ್ನಾಗಿದ್ದಾಳೆ. ಖುಷಿಯಾಗಿ ಅವಳ ಕೈ ಹಿಡಿದುಕೊಂಡೆ, ಅವಳಿಗೆ ಗಾಬರಿಯಾಯಿತು. ಒಂಬತ್ತನೆಯವನಿಗೆ ಮಾತ್ರೆ ತಿಂದರೆ ನಿದ್ದೆ ಬರುತ್ತದಂತೆ. ಲಾರಿ ಓಡಿಸುವವನು. ನಿದ್ದೆ ಮಾಡುವ ಹಾಗಿಲ್ಲ.

ಇಪ್ಪತ್ತಾರನೆಯವರು ಗೋದಾಮಿನ ಕಾವಲುಗಾರರು. ಕಿಟಕಿಯಲ್ಲಿ ಮಾತ್ರೆ ತೆಗೆದುಕೊಂಡು ಪ್ರತಿ ಸಲವೂ ನಿಮಗೆ ಒಳ್ಳೆಯದಾಗಲಿ ತಾಯಿ ಎನ್ನುತ್ತಿದ್ದರು. ಸೊಸೆ ಬಾಗಿಲಿಗೆ ಬಂದಳು. ಜುಲೈ ಎರಡನೇ ವಾರದಲ್ಲಿ ತೀರಿಕೊಂಡರಂತೆ. ಹೇಗೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಜೂನ್ ಕೊನೆಗೆ ನಾನು ಅವರನ್ನು ಗುಣಪಡಿಸಿದ್ದೆ.

ಆಗಸ್ಟ್ 18, ಭಾನುವಾರ

ಉಪ್ಪು ತರಲು ದರ್ಜಿಯ ಬೀದಿಯಲ್ಲಿ ಹೋಗಿ ಬಂದೆ. ಮನೆಯಲ್ಲಿ ಉಪ್ಪು ಇತ್ತು. ಅವನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಹೊಲಿಗೆ ಮಿಷನ್ನಿನ ಸದ್ದು. ಎಂಥ ಕೆಲಸಗಾರನಾದರೂ ದಾರ ಕತ್ತರಿಸಲು, ಬಟ್ಟೆ ತಿರುಗಿಸಲು ಕಾಲು ನಿಲ್ಲಿಸುತ್ತಾನೆ. ನಾನು ಬೀದಿ ದಾಟುವವರೆಗೂ ಅದು ನಿಲ್ಲಲಿಲ್ಲ.

ಆಗಸ್ಟ್ 22, ಗುರುವಾರ

ಇವತ್ತು ಹೋಗೋಣವೆಂದಿದ್ದೆ. ಹೋಗಲಿಲ್ಲ. ಹೋಗಿ ಏನು ಹೇಳುವುದು.

ಸೆಪ್ಟೆಂಬರ್ 3, ಮಂಗಳವಾರ

ಇವತ್ತಿನದು ಉದ್ದ ಇದೆ.

ಬೆಳಿಗ್ಗೆ ಹತ್ತಕ್ಕೆ ಜೀಪು ಬಂತು. ದೊಡ್ಡ ಸಾಹೇಬರು, ನಮ್ಮ ವಿಧಾನ ನೋಡಲು. ಬೆಂಚು ನೋಡಿದರು, ಫಲಕ ನೋಡಿದರು, ಅಕ್ಷರ ಯಾರದು ಎಂದು ಕೇಳಿದರು. ಚಹಾ ಕುಡಿಯುತ್ತಾ, ಗುಣವಾದವರಲ್ಲಿ ಒಬ್ಬರನ್ನು ಕರೆಸಿ, ಮಾತಾಡಿಸುತ್ತೇನೆ ಎಂದರು. ಡಾಕ್ಟರಮ್ಮ ಪಟ್ಟಿ ಹಿಡಿದು ಬೆರಳು ಇಳಿಸುತ್ತಾ ಬಂದರು. ನಡೆದು ಹೋಗಿ ಕರೆತರುವಷ್ಟು ಹತ್ತಿರ ಇರುವವನು ಒಬ್ಬನೇ. ಹದಿನೇಳು. ಅಕ್ಕಾ, ಸ್ವಲ್ಪ ಕರೆದುಕೊಂಡು ಬನ್ನಿ ಎಂದರು. ಅವನು ನನಗೆ ಏನಾಗಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಸಿಸ್ಟರಿಗೂ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿದವಳಲ್ಲ.

ಅಂಗಡಿಯ ಅರ್ಧ ಎಳೆದ ಬಾಗಿಲಡಿ ಬಗ್ಗಿ ಒಳಗೆ ಹೋದೆ. ಗೋಡೆಯ ತುಂಬ ಚೀಟಿಗಳು, ಗುಂಡುಸೂಜಿ ಚುಚ್ಚಿ. ಬೀದಿಯಲ್ಲಿ ಓಡಾಡುವವರೆಲ್ಲರ ಅಳತೆ, ಕಣ್ಣಂದಾಜಿನಲ್ಲಿ. ಹಾಲಿನವನು. ಮೇಷ್ಟ್ರು. ಕೊಡೆ ಹಿಡಿದ ಡಾಕ್ಟರು. ನೆಲದ ಮೇಲೆ ಹೊಲಿದ ಅಂಗಿಗಳ ಗುಡ್ಡೆ, ಯಾರೂ ಹೇಳಿ ಹೊಲಿಸಿದ್ದಲ್ಲ. ನನ್ನದೂ ಒಂದು ಚೀಟಿ ಇತ್ತು: ‘ಅಕ್ಕ. ಭಾನುವಾರ. ಕತ್ತು ಬಗ್ಗಿದೆ, ಹಿಂದೆ ಒಂದಿಂಚು ಜಾಸ್ತಿ ಬಿಡಬೇಕು.’

ನನ್ನ ತಮ್ಮ ಮಿಷನ್ನಿನ ಹಿಂದೆ ಕೂತಿದ್ದ. ಬೆಲ್ಟು ಬಿದ್ದು ಹೋಗಿತ್ತು, ಆದರೂ ಕಾಲು ತುಳಿಯುತ್ತಿತ್ತು. ತಿಂಗಳುಗಟ್ಟಲೆ ಊಟ ಮರೆತವನ ಹಾಗಿದ್ದ. ನನ್ನನ್ನು ನೋಡಿ, ನಿನ್ನೆಯಷ್ಟೇ ಮಾತಾಡಿದವನ ಹಾಗೆ ಕೇಳಿದ:

“ಏನಕ್ಕ, ಮೆಟ್ಟಿಲು ಹತ್ತಿ ಬಂದೆ?”

“ನಿನ್ನ ಮೆಟ್ಟಿಲು ಹತ್ತಬೇಡ ಅಂತ ನೀನು ಹೇಳಿರಲಿಲ್ವಲ್ಲ.”

“ಹೇಳೋದು ಮರೆತಿದ್ದೆ” ಎಂದ.

ಬಟ್ಟೆ ಸರಿಸಿ ಅವನೆದುರು ಕೂತೆ. ಮಾತ್ರೆ ಯಾಕೆ ಬಿಟ್ಟೆ ಎಂದು ಕೇಳಿದೆ. ಬೈಯುವ ದನಿಯಲ್ಲೇ ಕೇಳಿದೆ, ಬೇರೆ ದನಿ ಬರಲಿಲ್ಲ.

“ಮೊದಲು ನಾನೇ ಬಿಟ್ಟೆ. ಆ ಬೆಂಚಲ್ಲಿ ಕೂತ್ರೆ ಯಾರೂ ರವಿಕೆ ಕೊಡಲ್ಲ. ಆಮೇಲೆ ತಲೆಯೊಳಗೆ ಓಡೋಕೆ ಶುರುವಾಯ್ತು. ಹೆದರ್ಕೊಂಡು ಜುಲೈನಲ್ಲಿ ಬಂದೆ. ನೀನಿರಲಿಲ್ಲ. ಸಿಸ್ಟರು ಪುಸ್ತಕ ನೋಡಿ, ನಿಮಗೆ ಗುಣ ಆಗಿದೆ ಅಂದ್ರು. ನನಗೆ ನಂಬಿಕೆ ಬರಲಿಲ್ಲ. ತೋರಿಸಿ ಅಂದೆ, ತೋರಿಸಿದ್ರು. ನಿನ್ನ ಅಕ್ಷರ.” ಕಾಲು ತುಳಿಯುವುದು ನಿಂತಿತು. “ಅಕ್ಕ ಬರೆದಿದ್ದು ಸುಳ್ಳಿರಲ್ಲ ಅಂತ ವಾಪಸ್ ಬಂದೆ.”

ಅಲ್ಲೇ ಬಿದ್ದಿದ್ದ ಅಂಗಿಗಳಲ್ಲಿ ಒಂದನ್ನು ತೆಗೆದು ಅವನಿಗೆ ತೊಡಿಸಿದೆ. ಅವನ ಮೈಗೆ ಅದು ಸರಿಯಾಗಲಿಲ್ಲ, ಹಾಲಿನವನದು.

ಕೈ ಹಿಡಿದು ಕರೆತಂದೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ನೋಡಲಿ.

ಸಾಹೇಬರು ಎದ್ದು ನಿಂತು, ಇವರೇನಾ ಗುಣವಾದವರು ಎಂದರು.

“ಅಲ್ಲ ಸರ್. ಇವನು ಬರೋದು ಬಿಟ್ಟವನು. ಗುಣ ಆಯ್ತು ಅಂತ ಬರೆದವಳು ನಾನು.”

ಡಾಕ್ಟರಮ್ಮ ನೆಲ ನೋಡಿದರು. ಸಾಹೇಬರು, ಉಳಿದ ನಲವತ್ತು ಜನ ಎಂದು ಕೇಳಿದರು. ಅವರೂ ಹೀಗೇ, ಅದರಲ್ಲಿ ಒಬ್ಬರು ಈಗಿಲ್ಲ ಎಂದೆ. ಅವರು ಕೂತು, ತಣ್ಣಗಾಗಿದ್ದ ಚಹಾವನ್ನು ಪೂರ್ತಿ ಕುಡಿದರು. ಆಮೇಲೆ ವರದಿ ಮೇಲಕ್ಕೆ ಹೋಗಿಬಿಟ್ಟಿದೆಯಲ್ಲಮ್ಮ ಎಂದರು.

“ಅದು ಹೋಗ್ಲಿ ಬಿಡಿ ಸರ್. ಇವನು ಹೋಗೋದು ಹೇಗೆ? ದೊಡ್ಡಾಸ್ಪತ್ರೆಗೆ ಎರಡು ಬಸ್ಸು. ಬಸ್ಸಲ್ಲಿ ಕೂತ್ರೆ ಎಲ್ಲರನ್ನೂ ಅಳೀತಾನೆ.”

ಅಷ್ಟು ಹೊತ್ತಿಗೆ ನನ್ನ ತಮ್ಮ ಸಾಹೇಬರ ಭುಜ ಅಳೆದು ಮುಗಿಸಿದ್ದ. ಎಡಗಡೆ ಅರ್ಧ ಇಂಚು ಇಳಿದಿದೆ ಎಂದು ತಿಳಿಸಿದ. ಸಾಹೇಬರು ತಮ್ಮ ಎಡಭುಜ ನೋಡಿಕೊಂಡರು, ಡ್ರೈವರನ್ನು ಕರೆದು ಜೀಪು ತೆಗೆಯಲು ಹೇಳಿದರು.

ಹೊರಡುವ ಮೊದಲು ಡಾಕ್ಟರಮ್ಮ ಚೀಟಿ ಬರೆದರು. ರೋಗಿಯ ಜೊತೆ ಬಂದವರು ಎಂಬ ಜಾಗದಲ್ಲಿ ನನ್ನ ಕೈಗೆ ಪೆನ್ನು ಕೊಟ್ಟರು. ಸಂಬಂಧ: ಅಕ್ಕ, ಎಂದು ಬರೆದೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು. ಏನೂ ಕೇಳಲಿಲ್ಲ. ಒಳ್ಳೆಯ ಹುಡುಗಿ.

ಸೆಪ್ಟೆಂಬರ್ 4, ಬುಧವಾರ

ಸೇರಿಸಿಕೊಂಡಿದ್ದಾರೆ. ಮಲಗಿದ್ದಾನೆ. ಕಾಲು ಇನ್ನೂ ತುಳಿಯುತ್ತಿದೆ.

ಸೆಪ್ಟೆಂಬರ್ 12, ಗುರುವಾರ

ಯಜಮಾನರು ದಿನವೂ ಬುತ್ತಿ ಹಿಡಿದು ಎರಡು ಬಸ್ಸು ಹತ್ತಿ ಹೋಗುತ್ತಿದ್ದಾರೆ. ಕಂಡಕ್ಟರುಗಳು ಟಿಕೆಟ್ ಹರಿಯುವ ರೀತಿ ಸರಿಯಿಲ್ಲವಂತೆ. ತಮ್ಮ ನಿನ್ನೆ ಇವರನ್ನು ನೋಡಿ, ಭಾವ, ನಿಮ್ಮ ಪ್ಯಾಂಟು ಸೊಂಟಕ್ಕೆ ಸಡಿಲವಾಗಿದೆ ಎಂದನಂತೆ. ಮತ್ತೆ ಅಳತೆ ಶುರುವಾಯಿತೇ ಎಂದು ಹೆದರಿದೆ. ಇಲ್ಲ ಕಣೇ, ಪ್ಯಾಂಟು ಸಡಿಲವೇ ಆಗಿತ್ತು ಎಂದರು.

ಸೆಪ್ಟೆಂಬರ್ 26, ಗುರುವಾರ

ಡಾಕ್ಟರಮ್ಮ ಫಲಕ ಇಳಿಸಿದರು. ಇನ್ನು ಗುರುವಾರವೂ ಇಲ್ಲ, ಬೇರೆ ಬೆಂಚೂ ಇಲ್ಲ. ಕೆಮ್ಮಿನವರು, ಸಕ್ಕರೆಯವರು, ಇವರು, ಎಲ್ಲರಿಗೂ ಒಂದೇ ಸಾಲು. ಯಾರು ಯಾತಕ್ಕೆ ಬಂದಿದ್ದಾರೆ ಎಂದು ಈಗ ಯಾರಿಗೂ ತಿಳಿಯದು. ತಿಳಿದುಕೊಳ್ಳುವ ಆಸೆಯಿಂದ ಬೆಂಚಿನಲ್ಲಿ ಮಾತು ಜಾಸ್ತಿಯಾಗಿದೆ. ಕೆಲವರಿಗೆ ಅದೇ ಅರ್ಧ ಔಷಧಿ.

ಅಕ್ಟೋಬರ್ 19, ಶನಿವಾರ

ನಾನೂ ಸಿಸ್ಟರೂ ಎಲ್ಲ ಮನೆ ಮುಗಿಸಿದೆವು. ನಲವತ್ತೊಂದು ಗುಣಮುಖರಲ್ಲಿ ನಿಜಕ್ಕೂ ಗುಣವಾದವರು ಆರು. ಬೆಂಚಿಗೆ ಹೆದರಿದವರು ಹದಿಮೂರು, ತಮ್ಮನೂ ಸೇರಿ. ಕೆಲಸಕ್ಕೆ ಊರು ಬಿಟ್ಟು ಹೋದವರೂ ಬಹಳ, ನಮ್ಮ ಇಟ್ಟಿಗೆ ಗೂಡಿನವಳ ಹಾಗೆ. ನಿದ್ದೆ ಬರುತ್ತದೆಂದು ಬಿಟ್ಟವರು ಐದು. ಲಾರಿಯವನಿಗೆ ಡಾಕ್ಟರಮ್ಮ ಬೇರೆ ಮಾತ್ರೆ ಬರೆದಿದ್ದಾರೆ. ಮೂವರನ್ನು ಮನೆಯವರೇ ತಡೆದಿದ್ದರು. ಅದರಲ್ಲೊಬ್ಬಳ ಅತ್ತೆ ನಮಗೂ ಬಾಗಿಲು ತೆಗೆಯಲಿಲ್ಲ. ಕಿಟಕಿಯಲ್ಲಿ ಮಾತಾಡಿ ಬಂದೆ. ಕಿಟಕಿಯಲ್ಲಿ ಮಾತಾಡಿ ನನಗೆ ಅಭ್ಯಾಸವಿದೆ ಎಂದೆನಾದರೂ, ಮೊದಲೆಲ್ಲ ನಾನು ಕಿಟಕಿಯಲ್ಲಿ ಮಾತೇ ಆಡುತ್ತಿರಲಿಲ್ಲ ಎಂದು ಸಿಸ್ಟರ್ ಹೇಳುತ್ತಾರೆ. ಇರಲಾರದು.

ಇಬ್ಬರು ಸಿಗಲೇ ಇಲ್ಲ. ಕಾವಲುಗಾರರ ಮನೆಗೆ ಇನ್ನೊಮ್ಮೆ ಹೋದೆ. ಸೊಸೆ ಒಳಗೆ ಕರೆದು ಕೂರಿಸಿದಳು. ಅವಳಿಗೂ ಈಗ ನಿದ್ದೆಯಿಲ್ಲವಂತೆ, ಅವಳ ಹೆಸರನ್ನೂ ರಿಜಿಸ್ಟರಿಗೆ ಬರೆದುಕೊಂಡು ಬಂದೆ.

ಅಕ್ಟೋಬರ್ 31, ಗುರುವಾರ

ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಐದನೇ ಕಾಲಂ ಮಾಡಿದ್ದೇನೆ: ‘ಬಾರದವರು, ಯಾಕೆ.’ ಮನೆ ಮನೆ ತಿರುಗಿದ್ದರಿಂದ ತಡವಾದ ಮೂರು ತಿಂಗಳ ವರದಿಯಲ್ಲೂ ಅದನ್ನೇ ಬರೆದೆ. ಫೋನಿನ ಹುಡುಗ ಸಾಯಂಕಾಲ ಕರೆದ. ಮೊತ್ತ ತಾಳೆಯಾಗುತ್ತಿಲ್ಲ, ನಿಮ್ಮ ಪೆನ್ಸಿಲ್ ಗೆರೆ ಕಂಪ್ಯೂಟರಿಗೆ ಕಾಣಿಸುವುದಿಲ್ಲ ಎಂದ. ನಿನಗೆ ಕಾಣಿಸುತ್ತಲ್ಲಪ್ಪ, ನೀನೇ ನೋಡು ಎಂದೆ. ಯಾಕೆ ಅನ್ನೋದರಲ್ಲಿ ಏನೇನು ಬರೆದಿದೀರಮ್ಮ ಎಂದು ಕೇಳಿದ. ಓದಿದೆ. ಹದಿನೈದು ನಿಮಿಷ ಆಯಿತು.

ನಾವೀಗ ಕೊನೆಯ ಸ್ಥಾನದಲ್ಲಿದ್ದೇವೆ. ಮಾತ್ರೆ ಮಾತ್ರ ಐವತ್ತು ಜನಕ್ಕೆ ಬಂದಿದೆ. ಸಾಹೇಬರು ಸಹಿ ಹಾಕಿ ಕಳಿಸಿದರಂತೆ.

ನವೆಂಬರ್ 7, ಗುರುವಾರ

ಅಂಗಡಿ ತೆಗೆದಿದ್ದಾನೆ ನನ್ನ ತಮ್ಮ. ಮಾತ್ರೆಗೆ ಬಂದ. ಬೆಂಚಿನಲ್ಲಿ ಕೆಮ್ಮಿನವರ ನಡುವೆ ಕೂತಿದ್ದ, ತಾನೂ ಎರಡು ಸಲ ಕೆಮ್ಮಿದ. ಬೀಗರು ಗೋಡೆ ಬಿಟ್ಟು ಕೂರುವುದು ಯಾವಾಗಲೋ, ಅದಕ್ಕೆ ಕಾಯಬೇಡ, ಮನೆಗೆ ಊಟಕ್ಕೆ ಬಾ ಎಂದೆ. ನೋಡೋಣ ಎಂದ. ಕಾವಲುಗಾರರ ವಿಷಯ ಅವನಿಗೆ ಹೇಳಿದೆ. ನನ್ನ ಅಕ್ಷರವೇ ಬೇರೆ ಹೇಳಿದರೂ ಸರಿ, ಮೈ ಏನು ಹೇಳುತ್ತದೋ ಅದನ್ನೇ ನಂಬು ಎಂದೆ. ಅದಕ್ಕೂ ನೋಡೋಣ ಎಂದ.

ಡಿಸೆಂಬರ್ 5, ಗುರುವಾರ

ಇವತ್ತು ತಮ್ಮ ಬರಬೇಕಿತ್ತು. ಒಂದು ಗಂಟೆಯವರೆಗೆ ನೋಡಿದೆ, ಬರಲಿಲ್ಲ. ಕಿಟಕಿ ಮುಚ್ಚಿ, ಮಾತ್ರೆ ಕಟ್ಟಿಕೊಂಡು ಹೋದೆ. ಅಂಗಡಿಯಲ್ಲಿದ್ದ. ಬೈದ. ನುಂಗಿದ.